ಯಾದವಗಿರಿಗೆ ಬರುವ ಹೆದ್ದಾರಿ

ಮೈಸೂರು ರೈಲು ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಕರು ಸಾಮಾನ್ಯವಾಗಿ ಅರಮನೆಯ ಕಡೆಗೋ ಚಾಮುಂಡಿ ಬೆಟ್ಟದ ಕಡೆಗೋ ಮುಖಮಾಡುತ್ತಾರೆ. ನಿಲ್ದಾಣದ ಬೆನ್ನಿಗೆ ಮೆಲ್ಲಮೆಲ್ಲನೆ ಏರುತ್ತ ಹೋಗುವ ಬಡಾವಣೆಯೊಂದು ಇದೆಯೆಂಬುದು ಅವರಲ್ಲಿ ಅನೇಕರಿಗೆ ತಿಳಿಯದು. ಅದೇ ಯಾದವಗಿರಿ. ಮೇಲುಕೋಟೆಗೂ ಪುರಾಣಪ್ರಸಿದ್ಧವಾದ ಇದೇ ಹೆಸರುಂಟು. ಮೈಸೂರಿನ ಯಾದವಗಿರಿಯಲ್ಲಿ ಮಾತ್ರ ಗಿರಿಯೆಂಬುದು ಹೆಸರಿನಲ್ಲಿದೆ, ಕಾಲಿಗೆ ಸಿಗುವುದು ಸಣ್ಣ ಏರುನೆಲ. ಮರಗಳ ನೆರಳು, ತಗ್ಗಾದ ಕಾಂಪೌಂಡು ಗೋಡೆಗಳು, ಗೇಟಿನ ಬಳಿ ಸಂಪಿಗೆಯೋ ಪಾರಿಜಾತವೋ, ಮುಂಜಾನೆ ಹಾಲಿನವನ ಸೈಕಲ್ಲಿನ ಗಂಟೆ: ಇಷ್ಟರಲ್ಲಿ ಅದರ ಸ್ವಭಾವವನ್ನು ಹೇಳಿಬಿಡಬಹುದು.

ಕೃಷ್ಣರಾಜಸಾಗರ ರಸ್ತೆಯನ್ನು ಹಿಡಿದು ಹೊರಟರೆ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯ ಸಿಗುತ್ತದೆ. ಊರಿನ ನೀರಿನ ವ್ಯವಸ್ಥೆಯನ್ನು ನೋಡಿಕೊಳ್ಳುವ ವಾಣಿವಿಲಾಸ ಕಾರ್ಯಾಲಯವೂ ಈ ಕಡೆಯೇ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ಪ್ರಸಾರ ಕೇಂದ್ರದ ಪರಂಪರೆಯನ್ನು ಮುಂದುವರಿಸುತ್ತಿರುವ ಮೈಸೂರು ಆಕಾಶವಾಣಿಯ ನೆಲೆ ಯಾದವಗಿರಿ. 1925ರಲ್ಲಿ ಆರಂಭವಾದ ರಾಮಕೃಷ್ಣ ಆಶ್ರಮವೂ 1953ರಲ್ಲಿ ಆರಂಭವಾದ ಅದರ ವಿದ್ಯಾಶಾಲೆಯೂ ಈ ನೆಲದಲ್ಲಿವೆ. ವಿವೇಕಾನಂದ ರಸ್ತೆಯಲ್ಲಿ ಕಾದಂಬರಿಕಾರ ಆರ್. ಕೆ. ನಾರಾಯಣರ ಮನೆಯಿದೆ. 2011ರಲ್ಲಿ ಆ ಮನೆಯನ್ನು ಕೆಡವಲು ಆರಂಭಿಸಿದಾಗ ಊರಿನ ಜನ ತಡೆದರು. 2016ರಲ್ಲಿ ಅದು ಸ್ಮಾರಕವಾಗಿ ತೆರೆಯಿತು.

ಇಷ್ಟು ನೆಮ್ಮದಿಯ ಬಡಾವಣೆಗೂ ಲಾರಿಗಳು ಅಬ್ಬರಿಸುವ ಹೆದ್ದಾರಿಗೂ ಏನು ನಂಟು ಎಂದು ಓದುಗರು ಕೇಳಬಹುದು. ಯಾದವಗಿರಿಯ ನಡುವೆ ಯಾವ ಹೆದ್ದಾರಿಯೂ ಹಾದುಹೋಗುವುದಿಲ್ಲ. ಆದರೂ ಹೆದ್ದಾರಿ ಅಲ್ಲಿಗೆ ಬರುತ್ತದೆ.

ರಾತ್ರಿಯ ಸದ್ದು

ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿಯವರು ಉದ್ಘಾಟಿಸಿದರು. ಸುಮಾರು 118 ಕಿಲೋಮೀಟರಿನ ಈ ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಹಿಂದೆ ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಅರ್ಧಕ್ಕೆ ಇಳಿಯಿತು. ಅಪಘಾತಗಳು ಮೇಲಿಂದ ಮೇಲೆ ನಡೆದು, ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳ ಸಂಚಾರವನ್ನು ನಿಷೇಧಿಸಬೇಕಾಯಿತು. ಕಾರು, ಬಸ್ಸು, ಲಾರಿಗಳು ಉಳಿದುಕೊಂಡವು.

ಯಾದವಗಿರಿಯ ಮನೆಗಳಲ್ಲಿ ಬೆಂಗಳೂರಿಗೆ ಸೋಮವಾರ ಹೋಗಿ ಶುಕ್ರವಾರ ಮರಳುವ ಮಕ್ಕಳಿದ್ದಾರೆ. ತಾಯಂದಿರು ಗಡಿಯಾರ ನೋಡುತ್ತ ಕಾಯುತ್ತಾರೆ. ಹೊರವರ್ತುಲ ರಸ್ತೆಯಿಂದ ಮೇಟಗಳ್ಳಿಯ ಮೂಲಕ ಕೃಷ್ಣರಾಜಸಾಗರ ರಸ್ತೆಗೆ ತಿರುಗಿದರೆ ಹಳೆಯ ಕ್ಷಯರೋಗ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ಅಪಘಾತ ಚಿಕಿತ್ಸಾ ಕೇಂದ್ರವಿದೆ. ಆ ದಾರಿಯಲ್ಲಿ ನಡುರಾತ್ರಿ ಆಂಬುಲೆನ್ಸಿನ ಕೂಗು ಕೇಳಿಬಂದಾಗ, ಬೆಂಗಳೂರಿನ ದಾರಿಯಲ್ಲಿ ತಮ್ಮವರಿರುವ ಮನೆಗಳಲ್ಲಿ ದೀಪ ಹತ್ತುವುದುಂಟು. ಹೆದ್ದಾರಿ ಯಾದವಗಿರಿಗೆ ಬರುವ ಒಂದು ರೀತಿ ಇದು. ಇನ್ನೊಂದು ರೀತಿ ಕಾಗದದ ರೂಪದ್ದು.

ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಮೂವತ್ತೊಂಬತ್ತು ವರ್ಷದ ಗೃಹಸ್ಥ. ಬೆಂಗಳೂರಿನ ಕಾರ್ಖಾನೆಯಲ್ಲಿ ಖಾಯಂ ನೌಕರಿ. ತಿಂಗಳಿಗೆ ಮೂವತ್ತು ಸಾವಿರ ರೂಪಾಯಿ ಸಂಬಳ. ಮನೆಯಲ್ಲಿ ತಾಯಿ, ಹೆಂಡತಿ, ಹತ್ತು ವರ್ಷದ ಮಗ, ಆರು ವರ್ಷದ ಮಗಳು. ಶುಕ್ರವಾರ ರಾತ್ರಿ ಸ್ನೇಹಿತನ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಊರಿಗೆ ಬರುತ್ತಿರುವಾಗ, ಮದ್ದೂರಿನ ಆಚೆ ಹಿಂಬದಿಯ ಕೆಂಪು ದೀಪವಿಲ್ಲದೆ ಪಥದ ಮೇಲೆಯೇ ನಿಂತಿದ್ದ ಲಾರಿಗೆ ಕಾರು ಬಡಿಯುತ್ತದೆ. ಲಾರಿಯ ಮಾಲೀಕ ಹೊರರಾಜ್ಯದವನು. ಮನೆಯ ಆಧಾರಸ್ತಂಭ ಕುಸಿದುಬಿತ್ತು.

ಹದಿಮೂರನೆಯ ದಿನ ಕಳೆದ ಮೇಲೆ ಪಕ್ಕದ ಮನೆಯ ನಿವೃತ್ತ ರೈಲ್ವೆ ನೌಕರರು ಬಂದು ಜಗಲಿಯಲ್ಲಿ ಕುಳಿತು, ಸಂಕೋಚದಿಂದಲೇ ಪರಿಹಾರದ ಮಾತೆತ್ತುತ್ತಾರೆ.

“ಮಗನ ಸಾವಿಗೆ ಬೆಲೆ ಕಟ್ಟಿಸಿಕೊಂಡು ಉಣ್ಣಬೇಕೇನಪ್ಪ?” ಎನ್ನುತ್ತಾರೆ ತಾಯಿ.

“ಅವನು ತಿಂಗಳ ಮೊದಲನೆಯ ತಾರೀಖು ತಂದುಕೊಡುತ್ತಿದ್ದುದನ್ನೇ ಕೋರ್ಟು ಮಕ್ಕಳಿಗೆ ಕೊಡಿಸುತ್ತದೆ, ತಾಯಿ. ಮೊಮ್ಮಗಳ ಶಾಲೆಯ ಫೀಸು ಅವನೇ ಕಟ್ಟಿದನೆಂದು ತಿಳಿದುಕೊಳ್ಳಿ” ಎನ್ನುತ್ತಾರೆ ಅವರು.

ಮಧ್ಯಮ ವರ್ಗದ ಮನೆಗಳಲ್ಲಿ ಈ ಸಂಕೋಚ ಬಲವಾದದ್ದು. ನ್ಯಾಯಾಲಯದ ಮೆಟ್ಟಿಲು ಹತ್ತುವುದೇ ಅವಮಾನವೆಂದು ಬಗೆಯುವವರುಂಟು. ಠಾಣೆಯ ಬಳಿಯೇ ಲಾರಿಯ ಕಡೆಯವರು ಕೊಟ್ಟಷ್ಟನ್ನು ತೆಗೆದುಕೊಂಡು ಸಹಿ ಹಾಕಿಬಿಡುವವರೂ ಉಂಟು. ದುಃಖ ಇನ್ನೂ ಹಸಿಯಾಗಿರುವಾಗಲೇ ಕಾಗದಗಳನ್ನು ಕೂಡಿಸಬೇಕಾದುದು ಈ ಪ್ರಕರಣಗಳ ಕ್ರೂರವಾದ ಅಗತ್ಯ. ಅದನ್ನು ಮನೆಯವರು ಮಾಡಲಾರರು. ನೆರೆಯವರು ಮಾಡಬೇಕು.

ಕಾಯಿದೆಯ ದಾರಿ

ಇಂಗ್ಲೆಂಡು 1930ರ ಕಾಯಿದೆಯಿಂದ ವಾಹನ ವಿಮೆಯನ್ನು ಕಡ್ಡಾಯ ಮಾಡಿತು. ಭಾರತದಲ್ಲಿ 1855ರ ಮಾರಕ ಅಪಘಾತಗಳ ಕಾಯಿದೆಯ ಪ್ರಕಾರ ಸಿವಿಲ್ ದಾವೆ ಹೂಡುವುದೊಂದೇ ಬಹುಕಾಲ ಮಾರ್ಗವಾಗಿತ್ತು. 1939ರ ಮೋಟಾರು ವಾಹನಗಳ ಕಾಯಿದೆ ಮೂರನೆಯ ಪಕ್ಷದವರ ವಿಮೆಯ ವಿಧಿಯನ್ನು ತಂದಿತು. ಅದು ಜಾರಿಗೆ ಬಂದದ್ದು 1946ರಲ್ಲಿ. ಅಪಘಾತದ ಅರ್ಜಿಗಳಿಗೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿಗೆ 1956ರ ತಿದ್ದುಪಡಿ ಅವಕಾಶ ಕಲ್ಪಿಸಿತು. ಈಗ ನಡೆಯುತ್ತಿರುವುದು 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯಿದೆ. 2019ರ ತಿದ್ದುಪಡಿಯ ಪರಿಹಾರ ಸಂಬಂಧವಾದ ಭಾಗಗಳು 2022ರ ಏಪ್ರಿಲ್ 1ರಿಂದ ಅದಕ್ಕೆ ಸೇರಿವೆ.

ಯಾದವಗಿರಿಯ ಮನೆಗೆ ಈ ಕಾಯಿದೆ ಮಾಡುವ ಮೊದಲನೆಯ ಉಪಕಾರ ಸ್ಥಳದ ವಿಷಯದಲ್ಲಿ. ಲಾರಿ ಹೊರರಾಜ್ಯದ್ದು, ಅಪಘಾತ ಮಂಡ್ಯ ಜಿಲ್ಲೆಯಲ್ಲಿ. ಆದರೂ ಅರ್ಜಿಯನ್ನು ಮೈಸೂರಿನ ನ್ಯಾಯಮಂಡಳಿಯಲ್ಲಿಯೇ ಸಲ್ಲಿಸಬಹುದು. ಅಪಘಾತವಾದ ಸ್ಥಳ, ಅರ್ಜಿದಾರರು ವಾಸಿಸುವ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ಈ ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುವ ಹಕ್ಕನ್ನು 166ನೆಯ ಕಲಮು ಅರ್ಜಿದಾರರಿಗೇ ಕೊಟ್ಟಿದೆ. ವಿಧವೆಯಾದ ಸೊಸೆ ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು ಪರಊರಿನ ಛತ್ರದಲ್ಲಿ ತಂಗಬೇಕಾಗಿಲ್ಲ. ಯಾದವಗಿರಿಯಿಂದ ಮಹಾರಾಜಾ ಕಾಲೇಜಿನ ಬಳಿಯ ಕೃಷ್ಣರಾಜ ಬುಲೆವಾರ್ಡಿನ ನ್ಯಾಯಾಲಯಗಳಿಗೆ ಆಟೋದಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.

ಎರಡನೆಯದು ಕಾಲದ ವಿಷಯ. ಇಲ್ಲಿ ಎಚ್ಚರ ಬೇಕು. ಅರ್ಜಿಗೆ ಕಾಲಮಿತಿಯೆಂಬುದನ್ನು 1994ರ ತಿದ್ದುಪಡಿ ತೆಗೆದುಹಾಕಿತ್ತು. 2022ರಿಂದ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕೆಂಬ ನಿಯಮ ಮರಳಿ ಬಂತು. ಇದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ, ಅವಧಿ ಮೀರಿತೆಂಬ ಕಾರಣದಿಂದಲೇ ಅರ್ಜಿಗಳನ್ನು ವಜಾ ಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನೆಚ್ಚಿ ಕೂರುವುದು ಜಾಣತನವಾಗದು. ವರ್ಷಾಂತಕವಾದ ಮೇಲೆ ನೋಡೋಣ ಎನ್ನುವ ಮನೆಗಳಿಗೆ ಈ ಆರು ತಿಂಗಳು ನೆನಪಿರಬೇಕು.

ಪಕ್ಕದ ಮನೆಯ ಹಿರಿಯರು ಒಂದು ಫೈಲು ಮಾಡುತ್ತಾರೆ. ಠಾಣೆಯಿಂದ ಪ್ರಥಮ ವರ್ತಮಾನ ವರದಿ, ಸ್ಥಳದ ಮಹಜರು, ನಕ್ಷೆ, ಮರಣೋತ್ತರ ಪರೀಕ್ಷೆಯ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ, ಕೊನೆಗೆ ದೋಷಾರೋಪಣ ಪಟ್ಟಿ. ಲಾರಿಯ ಆರ್.ಸಿ., ವಿಮಾ ಪಾಲಿಸಿ, ಪರ್ಮಿಟ್ಟು, ಫಿಟ್‌ನೆಸ್ ಪತ್ರ, ಚಾಲಕನ ಲೈಸೆನ್ಸು. ಮನೆಯಿಂದ ಸಂಬಳದ ಚೀಟಿಗಳು, ವಯಸ್ಸಿಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ವಾರಸುದಾರರಿಗೆ ವಂಶವೃಕ್ಷ. 2022ರ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಗಳೊಳಗೆ ಮೊದಲ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸತಕ್ಕದ್ದು. ಹೀಗಿದ್ದರೂ ಮನೆಯಲ್ಲಿ ಒಂದೊಂದು ಪ್ರತಿ ಇರಬೇಕೆಂಬುದು ಹಿರಿಯರ ಹಟ.

ಎಂ.ವಿ.ಸಿ. ನಂಬರು

ಅರ್ಜಿ ದಾಖಲಾದೊಡನೆ ಅದಕ್ಕೊಂದು ಎಂ.ವಿ.ಸಿ. ನಂಬರು ಬರುತ್ತದೆ. ಲಾರಿಯ ಕಡೆಯಿಂದ ಎದುರುದಾರರು ಮೂವರು: ಚಾಲಕ, ಮಾಲೀಕ, ವಿಮಾ ಸಂಸ್ಥೆ. ಕಾರಿನ ಮಾಲೀಕನನ್ನೂ ಅದರ ವಿಮಾ ಸಂಸ್ಥೆಯನ್ನೂ ಜೊತೆಗೆ ಸೇರಿಸುವುದುಂಟು. ಲಾರಿಯ ವಕೀಲರು “ಕಾರು ಅತಿವೇಗದಲ್ಲಿತ್ತು, ನಿಂತ ಲಾರಿಯದೇನು ತಪ್ಪು?” ಎನ್ನುತ್ತಾರೆ. ಕಾರಿನ ವಕೀಲರು “ದೀಪವಿಲ್ಲದ ಲಾರಿ ಕತ್ತಲಲ್ಲಿ ಕಾಣುವುದೆಂತು?” ಎಂದು ಮರುಪ್ರಶ್ನೆ ಹಾಕುತ್ತಾರೆ. ಕಾರನ್ನು ನಡೆಸುತ್ತಿದ್ದವನೇ ಅರ್ಜಿದಾರನಾಗಿದ್ದರೆ ಅವನ ತಪ್ಪಿನ ಪಾಲನ್ನು ಪರಿಹಾರದಿಂದ ಕಳೆಯುತ್ತಾರೆ. ಪಕ್ಕದಲ್ಲಿ ಕುಳಿತಿದ್ದವನ ಕುಟುಂಬ ಈ ಜಗಳಕ್ಕೆ ಅಂಜಬೇಕಿಲ್ಲ. ತಪ್ಪು ಇಬ್ಬರದಾದರೆ ಪೂರ್ತಿ ಹಣವನ್ನು ಅವರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿದೆ. ಅವರವರ ಪಾಲಿನ ಲೆಕ್ಕವನ್ನು ಅವರವರೇ ನೋಡಿಕೊಳ್ಳತಕ್ಕದ್ದು.

ಚಾಲಕನ ಲೈಸೆನ್ಸು ಸರಿಯಿಲ್ಲವೆಂದು ವಿಮಾ ಸಂಸ್ಥೆ ಕೈ ತೊಳೆದುಕೊಳ್ಳಲು ನೋಡುವುದು ಹೊಸದಲ್ಲ. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಬಂದ ತೀರ್ಪು ಅದಕ್ಕೊಂದು ದಾರಿ ತೋರಿತು: ಇಂಥ ಪ್ರಕರಣಗಳಲ್ಲಿ ವಿಮಾ ಸಂಸ್ಥೆ ಮೊದಲು ಸಂತ್ರಸ್ತರಿಗೆ ಹಣ ಕೊಡಬೇಕೆಂದೂ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕೆಂದೂ ನ್ಯಾಯಮಂಡಳಿ ಆದೇಶಿಸಬಹುದು.

ಇನ್ನು ಲೆಕ್ಕ. ಸರಳಾ ವರ್ಮ ಪ್ರಕರಣದ 2009ರ ತೀರ್ಪು ವಯಸ್ಸಿಗೆ ತಕ್ಕ ಗುಣಕಗಳ ಕೋಷ್ಟಕವನ್ನು ನಿಶ್ಚಯಿಸಿತು. ಪ್ರಣಯ್ ಸೇಠಿ ಪ್ರಕರಣದ 2017ರ ತೀರ್ಪು ಮುಂದೆ ಏರಬಹುದಾಗಿದ್ದ ಸಂಬಳವನ್ನು ಸೇರಿಸುವ ಕ್ರಮವನ್ನು ಹೇಳಿತು. ಯಾದವಗಿರಿಯ ಮನೆಯಲ್ಲಿ ಊಟದ ಮೇಜಿನ ಮೇಲೆ ಹಿರಿಯರು ಪೆನ್ಸಿಲಿನಿಂದ ಬರೆಯುವ ಲೆಕ್ಕ ಹೀಗಿರುತ್ತದೆ. ಸಂಬಳ ತಿಂಗಳಿಗೆ 30,000. ನಲವತ್ತರ ಒಳಗಿನ ಖಾಯಂ ನೌಕರನಾದ್ದರಿಂದ ನೂರಕ್ಕೆ ಐವತ್ತು ಸೇರಿಸಿದರೆ 45,000. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚೆಂದು ನಾಲ್ಕರಲ್ಲೊಂದು ಭಾಗ ಕಳೆದರೆ 33,750. ವರ್ಷಕ್ಕೆ 4,05,000. ಮೂವತ್ತಾರರಿಂದ ನಲವತ್ತರವರೆಗಿನ ವಯಸ್ಸಿಗೆ ಗುಣಕ 15. ಒಟ್ಟು 60,75,000 ರೂಪಾಯಿ. ಅವನು ಇನ್ನೆರಡು ವರ್ಷ ಹಿರಿಯನಾಗಿ, ನಲವತ್ತೊಂದರಲ್ಲಿ ತೀರಿಕೊಂಡಿದ್ದರೆ ಸೇರಿಸುವುದು ನೂರಕ್ಕೆ ಮೂವತ್ತು, ಗುಣಕ 14. ಮೊತ್ತ 49,14,000ಕ್ಕೆ ಇಳಿಯುತ್ತದೆ. ವಯಸ್ಸಿನ ಪ್ರಮಾಣಪತ್ರಕ್ಕೆ ಹಿರಿಯರು ಅಷ್ಟು ಒತ್ತಾಯಿಸಿದ್ದೇಕೆಂದು ಈಗ ತಿಳಿಯುತ್ತದೆ.

ಇದಲ್ಲದೆ ಆಸ್ತಿನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000, ಸಾಹಚರ್ಯದ ನಷ್ಟಕ್ಕೆ 40,000 ಎಂದು 2017ರ ತೀರ್ಪು ಗೊತ್ತುಮಾಡಿ, ಮೂರು ವರ್ಷಕ್ಕೊಮ್ಮೆ ನೂರಕ್ಕೆ ಹತ್ತರಂತೆ ಏರಿಸಲು ಹೇಳಿತು. ಸಾಹಚರ್ಯವೆಂದರೆ ಹೆಂಡತಿಗೆ ಗಂಡನಷ್ಟೇ ಎಂದಿದ್ದ ಭಾವನೆ 2018ರಲ್ಲಿ ವಿಸ್ತಾರಗೊಂಡು, ತಂದೆಯ ಅಕ್ಕರೆ ಕಳೆದುಕೊಂಡ ಮಕ್ಕಳಿಗೂ ಮಗನನ್ನು ಕಳೆದುಕೊಂಡ ತಾಯಿಗೂ ಅದು ಸಲ್ಲುತ್ತದೆ. “ಬೆಲೆ ಕಟ್ಟಿಸಿಕೊಳ್ಳಬೇಕೇ” ಎಂದಿದ್ದ ಮುದುಕಿಯ ಕಣ್ಣೀರಿಗೂ ಕಾಯಿದೆಯ ಪುಟದಲ್ಲಿ ಒಂದು ಸಾಲು ಸಿಕ್ಕಿತು.

ಸಂಬಳವಿಲ್ಲದವರ ದುಡಿಮೆ

ಕಾರಿನಲ್ಲಿದ್ದವನು ಗಂಡನಾಗಿರದೆ ಹೆಂಡತಿಯಾಗಿದ್ದರೆ? ಅವಳಿಗೆ ಸಂಬಳದ ಚೀಟಿಯಿಲ್ಲ. ಬೆಳಗಿನ ಕಾಫಿಯಿಂದ ರಾತ್ರಿ ಹಾಲು ಹೆಪ್ಪು ಹಾಕುವವರೆಗೆ ನಡೆಯುವ ದುಡಿಮೆಗೆ ರಸೀದಿ ಬರೆಯುವವರಾರು? ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಹಲವು ಸಲ ಬಂದಿದೆ. 2021ರ ಜನವರಿಯ ತೀರ್ಪೊಂದು 2019ರ ರಾಷ್ಟ್ರೀಯ ಸಮೀಕ್ಷೆಯನ್ನು ಎತ್ತಿಹೇಳಿತು: ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಗೃಹಿಣಿಯ ದುಡಿಮೆಗೂ ಆದಾಯವನ್ನು ಅಂದಾಜು ಮಾಡಿ, ಮುಂದಿನ ಏರಿಕೆಯನ್ನೂ ಸೇರಿಸಬೇಕೆಂಬುದು ಆ ತೀರ್ಪಿನ ಸಾರ. “ಅವಳಿಗೇನು ಸಂಪಾದನೆ?” ಎಂದು ಅರ್ಜಿಯನ್ನೇ ಹಾಕದಿರುವ ಮನೆಗಳು ಇದನ್ನು ಅರಿಯಬೇಕು.

ಬದುಕುಳಿದ ಗಾಯಾಳುವಿನ ಲೆಕ್ಕ ಬೇರೆ. ಒಂದು ಕೈ ಕಳೆದುಕೊಂಡ ಗುಮಾಸ್ತ ಕಚೇರಿಗೆ ಮರಳಬಹುದು; ಅದೇ ಕೈ ಕಳೆದುಕೊಂಡ ಚಾಲಕನ ಕಸುಬೇ ಹೋಯಿತು. ಅಂಗನಷ್ಟದ ಪ್ರಮಾಣವನ್ನು ವೈದ್ಯರ ಪತ್ರದಲ್ಲಷ್ಟೇ ನೋಡದೆ ಅವನವನ ಕಸುಬಿನೊಡನೆ ಕೂಡಿಸಿ ನೋಡಬೇಕೆಂದು ರಾಜ್‌ಕುಮಾರ್ ಎಂಬುವರ ಪ್ರಕರಣದಲ್ಲಿ ನ್ಯಾಯಾಲಯ ವಿವರಿಸಿತು.

ಗುದ್ದಿದ ಲಾರಿ ಯಾವುದೆಂದೇ ತಿಳಿಯದೆ ಹೋದರೆ, ಉಪವಿಭಾಗದ ಅಧಿಕಾರಿಯ ಮೂಲಕ ಅರ್ಜಿ ಹಾಕಿದಾಗ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುವ ಯೋಜನೆ 2022ರಿಂದಿದೆ. ತಪ್ಪು ಯಾರದೆಂದು ಸಾಧಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯಲು 164ನೆಯ ಕಲಮು ಅವಕಾಶ ಕೊಡುತ್ತದೆ. ಇಲ್ಲೊಂದು ಗುಂಡಿಯಿದೆ: ಈ ಹಣವನ್ನು ಒಪ್ಪಿ ಪಡೆದವರ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಅರವತ್ತು ಲಕ್ಷ ಬರಬೇಕಾದ ಮನೆ ಐದು ಲಕ್ಷಕ್ಕೆ ಸಹಿ ಹಾಕುವ ಮುನ್ನ ವಕೀಲರನ್ನು ಕೇಳಬೇಕು. ಮದುವೆಯ ದಿಬ್ಬಣವನ್ನು ಲಾರಿಯಲ್ಲಿ ತುಂಬಿಕೊಂಡು ಹೋಗುವವರೂ ಒಂದು ವಿಷಯ ತಿಳಿದಿರಬೇಕು: ಸರಕಿನ ವಾಹನದಲ್ಲಿ ಬಿಟ್ಟಿಯಾಗಿ ಪ್ರಯಾಣಿಸುವವರ ಹೊಣೆ ವಿಮಾ ಸಂಸ್ಥೆಯದಲ್ಲವೆಂದು 2002ರಲ್ಲೇ ತೀರ್ಮಾನವಾಗಿದೆ.

ಲಾರಿಯವನೂ ಯಾವುದೋ ಮನೆಯ ಮಗ. ಯಾದವಗಿರಿಯ ಅಂಗಡಿಗೆ ಅಕ್ಕಿ ಬೇಳೆ ತರುವವನು, ಮೇಟಗಳ್ಳಿಯ ಕಾರ್ಖಾನೆಯಿಂದ ಟೈರುಗಳನ್ನು ಹೊತ್ತೊಯ್ಯುವವನು ಅವನೇ. ಅವನು ಸತ್ತರೆ ಅವನ ಮನೆಯವರಿಗೆ ನೌಕರರ ಪರಿಹಾರದ ದಾರಿಯಿದೆ; 2025ರವರೆಗೆ ಅದು 1923ರ ನೌಕರರ ಪರಿಹಾರ ಕಾಯಿದೆಯಡಿ ಇತ್ತು. ನ್ಯೂಜಿಲೆಂಡಿನಲ್ಲಿ 1974ರಿಂದ ಯಾರ ತಪ್ಪೆಂದು ಕೇಳದೆಯೇ ಅಪಘಾತಕ್ಕೊಳಗಾದ ಪ್ರತಿಯೊಬ್ಬನಿಗೂ ರಾಷ್ಟ್ರದ ನಿಧಿಯಿಂದ ನೆರವು ಸಲ್ಲುತ್ತದೆ. ಅಷ್ಟು ದೂರ ನಮ್ಮ ದೇಶ ಇನ್ನೂ ನಡೆದಿಲ್ಲ.

ಕರ್ನಾಟಕ ಮಾತ್ರ ಒಂದು ಹೆಜ್ಜೆಯನ್ನು ಮೊದಲು ಇಟ್ಟಿತು. 2016ರ ಫೆಬ್ರವರಿ 16ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಹರೀಶ್ ಎಂಬ ಯುವಕನ ಮೇಲೆ ಲಾರಿ ಹರಿದು ದೇಹ ಎರಡಾಯಿತು. ಪ್ರಾಣ ಹೋಗುವ ಮುನ್ನ ಅವನು ತನ್ನ ಅಂಗಗಳನ್ನು ದಾನಮಾಡಿರೆಂದು ಬೇಡಿದನು. ಅವನ ಕಣ್ಣುಗಳು ದಾನವಾಗಿ ಸಂದವು. ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಗೆ ನೆರವಾಗುವ ರಾಜ್ಯದ ಯೋಜನೆ ಆ ವರ್ಷವೇ ಅವನ ಹೆಸರಿನಲ್ಲಿ ಆರಂಭವಾಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ತೊಂದರೆಯಾಗದಂತೆ ರಕ್ಷಿಸುವ ಕಾಯಿದೆಯನ್ನು ರಾಜ್ಯ ಅದೇ ವರ್ಷ ರೂಪಿಸಿತು. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ, ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷದ ತನಕ ನಗದಿಲ್ಲದ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿತು.

ಬ್ಯಾಂಕಿನ ಪುಸ್ತಕ

ನ್ಯಾಯಮಂಡಳಿಯ ಆದೇಶ ಬಂದ ದಿನ ಮನೆಯಲ್ಲಿ ಸಂತೋಷವಿರುವುದಿಲ್ಲ. ಸೊಸೆ ದೇವರ ಮುಂದೆ ಆ ಕಾಗದವನ್ನಿಟ್ಟು, ಆಮೇಲೆ ಬೀರುವಿನಲ್ಲಿಡುತ್ತಾಳೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಸೇರಿ ಬಂದ ಹಣವೆಲ್ಲ ಕೈಗೆ ಬರುವುದಿಲ್ಲ. ಅಕ್ಷರ ಬಾರದವರ, ವಿಧವೆಯರ, ಎಳೆಯ ಮಕ್ಕಳ ಹಣವನ್ನು ಬಂಧುಬಳಗ ಕರಗಿಸಿಬಿಟ್ಟ ಉದಾಹರಣೆಗಳು ಹೆಚ್ಚಿದ್ದರಿಂದ, ಸುಸಮ್ಮ ಥಾಮಸ್ ಪ್ರಕರಣದ ಕಾಲದಿಂದ, ಎಂದರೆ 1990ರ ದಶಕದಿಂದ, ಅಪ್ರಾಪ್ತರ ಪಾಲನ್ನು ಅವರು ಪ್ರಾಯಕ್ಕೆ ಬರುವವರೆಗೆ ಬ್ಯಾಂಕಿನಲ್ಲಿ ಇಡಿಸುವ ಪದ್ಧತಿ ನೆಲೆಗೊಂಡಿದೆ.

ಆರು ವರ್ಷದ ಆ ಹುಡುಗಿ ಬಡಾವಣೆಯ ಏರುದಾರಿಯಲ್ಲಿ ಶಾಲೆಯ ಚೀಲ ಹೊತ್ತು ನಡೆಯುತ್ತಾಳೆ, ವರ್ಷಗಳು ಉರುಳುತ್ತವೆ. ಹದಿನೆಂಟು ತುಂಬಿದ ಮೇಲೆ ಒಂದು ಬೆಳಗ್ಗೆ ತಾಯಿಯೊಡನೆ ಬ್ಯಾಂಕಿಗೆ ಹೋಗಿ, ಕಾಲೇಜಿನ ಶುಲ್ಕಕ್ಕೆಂದು ತನ್ನ ಹೆಸರಿನ ಠೇವಣಿಯನ್ನು ಬಿಡಿಸಿಕೊಳ್ಳುತ್ತಾಳೆ. ತಂದೆಯ ಮುಖ ಅವಳಿಗೆ ಚೆನ್ನಾಗಿ ನೆನಪಿಲ್ಲ. ಸಹಿ ಮಾಡುವಾಗ ಗುಮಾಸ್ತ ಕೇಳುತ್ತಾನೆ: “ತಂದೆಯ ಹೆಸರೇನಮ್ಮಾ?” ಅವಳು ಹೇಳುತ್ತಾಳೆ, ಅವನು ಬರೆದುಕೊಳ್ಳುತ್ತಾನೆ. ಹನ್ನೆರಡು ವರ್ಷಗಳ ಹಿಂದೆ ಜಗಲಿಯಲ್ಲಿ ಸಂಕೋಚದಿಂದ ಮಾತೆತ್ತಿದ ಆ ನೆರೆಯವರು ಇಲ್ಲದಿದ್ದರೆ ಆ ಹೆಸರು ಆ ಪುಸ್ತಕದಲ್ಲಿ ಇರುತ್ತಿರಲಿಲ್ಲ.